ಸೂಜಿಯ ಒಂದು ಗೀರು

ಪುಣೆಯ ಕೋಥ್ರೂಡಿನ ಆ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಿಂದ ಹೊಗೆ ಎದ್ದರೆ ಯಾರೂ ಗಾಬರಿಯಾಗುವುದಿಲ್ಲ. ‘ಧಾರವಾಡದ ಕಾಕಾ ಗಾಡಿ ಚಾಲೂ ಮಾಡಿದರು’ ಎಂದುಕೊಂಡು ಕಿಟಕಿ ಮುಚ್ಚುತ್ತಾರೆ. ಗಾಡಿ 1985ರ ರಾಜದೂತ್ 350. ಬ್ಯಾಂಕಿನ ನೌಕರಿಯಲ್ಲಿರುವ ಕಾಕಾ ಅದನ್ನು 1991ರಲ್ಲಿ ಧಾರವಾಡದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ವರ್ಗಾವಣೆ ಆದಲ್ಲೆಲ್ಲ ಅದೂ ಮನೆಯ ಸಾಮಾನಿನ ಜೊತೆ ಲಾರಿ ಏರಿತು.

ಈ ಸಲ ಅದನ್ನು ಬಿಚ್ಚಲು ಕಾರಣ ಮಗಳು. ದಸರೆಗೆ ಅದರ ಮೇಲೆ ಒಬ್ಬಳೇ ಧಾರವಾಡಕ್ಕೆ, ಅಜ್ಜಿಯ ಮನೆಗೆ ಹೋಗುತ್ತೇನೆ ಎಂದಿದ್ದಳು. 400 ಕಿಲೋಮೀಟರಿಗೂ ಹೆಚ್ಚು ದಾರಿ. ತಾಯಿ ಬೇಡ ಎಂದರು. ಕಾಕಾ ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸ್ಪ್ಯಾನರಿನ ಡಬ್ಬಿ ತೆಗೆದರು.

ಯಮಹಾದ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ಇಲ್ಲಿ ತಯಾರಿಸಿತು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರು. ಜಪಾನಿನ ಮೂಲ ಗಾಡಿಯ 39 ಅಶ್ವಶಕ್ತಿಯನ್ನು ಇಲ್ಲಿ ಮೊದಲು ಸುಮಾರು 30ಕ್ಕೆ, ಆಮೇಲೆ 27ಕ್ಕೆ ಇಳಿಸಿದರು. ಪೆಟ್ರೋಲ್ ಕುಡಿಯುತ್ತದೆ ಎಂಬ ದೂರು ಅಷ್ಟಕ್ಕೂ ನಿಲ್ಲಲಿಲ್ಲ. ‘ಎಷ್ಟು ಕೊಡ್ತದ’ ಎಂದು ಮೊದಲು ಕೇಳುವ ದೇಶದಲ್ಲಿ ಈ ಗಾಡಿ ಸೋತದ್ದು ಆ ಒಂದು ಪ್ರಶ್ನೆಗೇ ಎನ್ನಬೇಕು. ಬೇರೆ ದೋಷವೂ ಇತ್ತು: ಜಪಾನಿನಲ್ಲಿ ಮುಂದಿನ ಚಕ್ರಕ್ಕಿದ್ದ ಡಿಸ್ಕ್ ಬ್ರೇಕು ಇಲ್ಲಿ ಡ್ರಮ್ ಆಯಿತು. ಓಟಕ್ಕೆ ತಕ್ಕ ಬ್ರೇಕಲ್ಲ ಅದು.

ಆ ಪ್ರಶ್ನೆಗೆ ಉತ್ತರ ಕೊಡಲು ಹೋಗಿ ಎಷ್ಟೋ ಇಂಜಿನ್ನುಗಳು ಹಾಳಾದವು. ಕಾರ್ಬುರೇಟರಿನೊಳಗೆ ಸ್ಲೈಡಿಗೆ ತೂಗುಬಿದ್ದ ಒಂದು ಸೂಜಿ ಇದೆ. ಅದರ ತಲೆಯ ಹತ್ತಿರ ಸಣ್ಣ ಗೀರುಗಳು, ಒಂದರಲ್ಲಿ ಕ್ಲಿಪ್ಪು. ಕ್ಲಿಪ್ಪನ್ನು ಮೇಲಿನ ಗೀರಿಗೆ ಹಾಕಿದರೆ ಸೂಜಿ ಕೆಳಗಿಳಿದು ಪೆಟ್ರೋಲಿನ ದಾರಿಯನ್ನು ಬಿಗಿಮಾಡುತ್ತದೆ. ಮೈಲೇಜು ಒಂದೆರಡು ಕಿಲೋಮೀಟರ್ ಏರುತ್ತದೆ, ಇಂಜಿನ್ನಿನ ಒಳಗೆ ಬಿಸಿಯೂ ಏರುತ್ತದೆ. ಪಿಸ್ಟನ್ ಹಿಗ್ಗಿ, ಎಣ್ಣೆಯ ಪದರ ಹರಿದು, ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ಓಡುತ್ತಿರುವಾಗಲೇ ನಿಂತುಬಿಡುತ್ತದೆ. ತೊಂಬತ್ತರ ದಶಕದಲ್ಲಿ ಒಬ್ಬ ಮೇಸ್ತ್ರಿ ‘ಮೈಲೇಜ್ ಕೊಡಸ್ತೇನ್ರೀ ಸರ್’ ಎಂದು ಸೂಜಿ ಒಂದು ಗೀರು ಇಳಿಸಿದ್ದ. ಬೆಳಗಾವಿಯಿಂದ ಬರುವಾಗ ಕಿತ್ತೂರಿನ ಹತ್ತಿರ ಎಡಗಡೆಯ ಪಿಸ್ಟನ್ ಕಚ್ಚಿತು. ಕಾಕಾನ ಮೊಣಕೈಯ ಕಲೆ ಆ ದಿನದ್ದು. ಈಗ ಅದೇ ಹೆದ್ದಾರಿಯಲ್ಲಿ ಮಗಳು ಹೋಗಬೇಕು.

ಇನ್ನೊಂದು ಮಾತೂ ಇದೆ. ಆ ಕಾಲದ ಜೆಟ್ಟುಗಳನ್ನು ಲೆಕ್ಕ ಹಾಕಿದ್ದು ಬರಿಯ ಪೆಟ್ರೋಲಿಗೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ಈಗ ಬಂಕಿನಲ್ಲಿ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಹೋಗಬೇಕು. ಹೊಸ ಗಾಡಿಗಳಲ್ಲಿ ಸೆನ್ಸರು ಅದನ್ನು ಅರಿತು ಸರಿಮಾಡಿಕೊಳ್ಳುತ್ತದೆ. ಹಿತ್ತಾಳೆಯ ಜೆಟ್ಟಿಗೆ ಅದೆಲ್ಲ ಎಲ್ಲಿ ಗೊತ್ತು? ಯಾರೂ ಸೂಜಿ ಮುಟ್ಟದಿದ್ದರೂ ಮಿಶ್ರಣ ತೆಳುವಾಗಿರುತ್ತದೆ. ಜೊತೆಗೆ ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ.

ಬಾಲ್ಕನಿಯಲ್ಲಿ ಎರಡೂ ಕಾರ್ಬುರೇಟರ್ ಬಿಚ್ಚಿ ಇಟ್ಟಾಗ ಫ್ಲೋಟ್ ಬೌಲಿನ ತಳದಲ್ಲಿ ಬಿಳಿ ಪುಡಿ ಕೂತಿತ್ತು. ತಾಯಿ ಒಳಗಿನಿಂದಲೇ ಕೂಗಿದರು: ‘ಏನ್ರೀ, ಆ ಪರಾತ ಕಣಕ ನಾದೂದು. ಪೆಟ್ರೋಲಿನಾಗ ತೊಳಿಯೂದಕ್ಕಲ್ಲ!’ ಪರಾತ ವಾಪಸಾಯಿತು, ಹಳೆಯ ಬಕೆಟ್ ಬಂತು. ಮಗಳು ಜೆಟ್ಟಿನ ತೂತಿಗೆ ತಂತಿ ಹಾಕಲು ಹೋದಳು. ಕಾಕಾ ಕೈ ಹಿಡಿದರು. ತಂತಿ ಆಡಿಸಿದರೆ ತೂತು ದೊಡ್ಡದಾಗುತ್ತದೆ, ಮೇಲೆ ಬರೆದ ನಂಬರಿಗೆ ಅರ್ಥವಿರುವುದಿಲ್ಲ. ಕ್ಲೀನರ್ ಹೊಡೆದು ಗಾಳಿ ಊದಿದರೆ ಸಾಕು.

ಜೋಡಿಸಿದ ಮೇಲೆ ಮೊದಲು ನೋಡಿದ್ದು ಪಾಯಿಂಟುಗಳನ್ನು. ಕಿಡಿ ಸರಿಯಾದ ಗಳಿಗೆಗೆ ಬೀಳದಿದ್ದರೆ ಕಾರ್ಬುರೇಟರ್ ತಿರುಗಿಸುವುದು ವ್ಯರ್ಥ. ಏರ್ ಸ್ಕ್ರೂಗಳನ್ನು ಒಂದೂವರೆ ಸುತ್ತು ಬಿಚ್ಚಿದ್ದಾಯಿತು. ಎರಡೂ ಸ್ಲೈಡುಗಳ ಕೆಳಗೆ ಒಂದೇ ಅಳತೆಯ ಡ್ರಿಲ್ ಬಿಟ್ ಇಟ್ಟು ಸಮಮಾಡಿದರು. ಆಮೇಲೆ ಮಗಳು ಎರಡು ಬಾಯಿಗಳಿಗೂ ಒಂದೊಂದು ಬೆರಳಿಟ್ಟಳು, ಕಾಕಾ ಥ್ರಾಟಲ್ ತಿರುಗಿಸಿದರು. ‘ಬಲಗಡೆದು ಮೊದಲ ಏಳತದ ಅಪ್ಪಾ.’ ಕೇಬಲ್ಲಿನ ನಟ್ಟು ಕಾಲು ಸುತ್ತು. ‘ಈಗ?’ ‘ಈಗ ಕೂಡೇ ಎದ್ದ್ವು.’ ಕೇಬಲ್ ಮುಟ್ಟಿದ ಮೇಲೆ ಆಯಿಲ್ ಪಂಪಿನ ಗುರುತನ್ನೂ ನೋಡಲೇಬೇಕು, ಅದೂ ಅದೇ ಥ್ರಾಟಲಿಗೆ ಕಟ್ಟಿಕೊಂಡಿದೆ.

ಗಾಡಿ ಚಾಲೂ ಆಯಿತು. ಆದರೆ ಥ್ರಾಟಲ್ ಬಿಟ್ಟರೂ ಸದ್ದು ಕೂಡಲೇ ಇಳಿಯಲಿಲ್ಲ, ತುಸು ಹೊತ್ತು ಮೇಲೆಯೇ ತೂಗಾಡಿತು. ಎಲ್ಲಿಂದಲೋ ಕಳ್ಳಗಾಳಿ ಹೋಗುತ್ತಿದೆ ಎಂದು ಅರ್ಥ. ಎಡಗಡೆಯ ಕ್ರ್ಯಾಂಕಿನ ಸೀಲ್ ಹೋಗಿದ್ದರೆ ದೊಡ್ಡ ಕೆಲಸ. ಮಗಳು ಕಾರ್ಬುರೇಟರನ್ನು ಇಂಜಿನ್ನಿಗೆ ಜೋಡಿಸುವ ರಬ್ಬರಿನ ಸುತ್ತ ಸ್ಪ್ರೇ ಹೊಡೆದಳು. ಎಡಗಡೆ ಹೊಡೆದೊಡನೆ ಸದ್ದು ಬದಲಾಯಿತು. ಬಿಚ್ಚಿ ಬಾಗಿಸಿ ನೋಡಿದರೆ ರಬ್ಬರು ಚಳಿಗಾಲದ ಹಿಮ್ಮಡಿಯಂತೆ ಒಡೆದಿತ್ತು. ನಾನಾ ಪೇಠಿನಲ್ಲಿ ಹುಡುಕಿ ಎರಡು ಹೊಸದು ತಂದರು.

ಮುಂದಿನ ಭಾನುವಾರ ಬೆಳಗಿನ ಐದೂವರೆಗೆ ಮುಳಶಿ ರಸ್ತೆ. ಹೊಸ ಪ್ಲಗ್ ಹಾಕಿ, ನಾಲ್ಕನೇ ಗೇರಿನಲ್ಲಿ ಥ್ರಾಟಲ್ ಮುಕ್ಕಾಲು ಎಳೆದು ಸ್ವಲ್ಪ ದೂರ ಓಡಿಸಿ, ಒಮ್ಮೆಲೇ ಕ್ಲಚ್ ಹಿಡಿದು ಇಗ್ನಿಷನ್ ಆರಿಸಬೇಕು. ನಿಂತಲ್ಲೇ ಪ್ಲಗ್ ಬಿಚ್ಚಿದರೆ ಆ ವೇಗದಲ್ಲಿ ಒಳಗೆ ಏನಾಗುತ್ತಿತ್ತು ಎಂಬುದು ಬಣ್ಣದಲ್ಲಿ ಕಾಣುತ್ತದೆ. ಓಡಿಸಿದವಳು ಮಗಳು. ಎರಡೂ ಪ್ಲಗ್ ಸುಣ್ಣದಷ್ಟು ಬಿಳಿ.

‘ಪೂರಾ ಹಸಿದದ’ ಎಂದರು ಕಾಕಾ. ರಸ್ತೆಯ ಬದಿಯಲ್ಲೇ ಕ್ಲಿಪ್ಪು ಒಂದು ಗೀರು ಕೆಳಗೆ ಬಂತು, ಸೂಜಿ ಮೇಲೇರಿತು. ಇನ್ನೂ ಮಾಸಲು ಬಿಳಿ. ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿದರು. ಮೂರನೇ ಸಲ ಎಡಗಡೆಯದು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂತು, ಬಲಗಡೆಯದು ಅದಕ್ಕಿಂತ ತುಸು ಕಪ್ಪು. ‘ಇದನ್ನೂ ಸಮಾ ಮಾಡೂಣೇನು?’ ‘ಇರಲಿ ಬಿಡವ್ವಾ. ಒಂದೀಟು ಹೆಚ್ಚು ಉಂಡ್ರ ಹೊಗಿ ಬಿಡ್ತದ, ಬೀಳಸೂದಿಲ್ಲ.’

ವಾಪಸು ಬರುವಾಗ ಕಾಕಾ ಹಿಂದೆ ಕೂತಿದ್ದರು. ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ, ಸದ್ದು ಒಮ್ಮೆಲೇ ಬಿಗಿಯಾದಂತೆ ಕೇಳಿದರೆ ಯೋಚಿಸಬೇಡ, ಮೊದಲು ಕ್ಲಚ್ ಹಿಡಿ ಎಂದು ಮೂರು ಸಲ ಹೇಳಿದರು. ಆಕೆ ಮೂರು ಸಲವೂ ಹೂಂ ಎಂದಳು.

‘ಅಪ್ಪಾ, ಈಗ ಎಷ್ಟು ಕೊಡ್ತದ?’

‘ಅದನ್ನ ಕೇಳಬ್ಯಾಡ. ಕೊಲ್ಹಾಪುರದಾಗ ಟ್ಯಾಂಕ್ ತುಂಬಿಸ್ಕೋ.’