ಮೂರು ಕಸುಬು, ಒಂದು ಸಂಬಳ ಚೀಟಿ

ಮೇ ತಿಂಗಳ ರಜೆಗೆ ಅಕ್ಕ ಶಿವಮೊಗ್ಗದಿಂದ ಬಂದಳು. ಜೊತೆಗೆ ಈಚೆಗಷ್ಟೆ ಬಿ.ಕಾಂ. ಮುಗಿಸಿದ ಮಗಳು. ಕಾಫಿ ಲೋಟ ಕೆಳಗಿಡುವ ಮೊದಲೇ ಅಕ್ಕ ವಿಷಯಕ್ಕೆ ಬಂದಳು.

"ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ ಕಣೋ. ಇವಳು ಬೇಡ ಅಂತಾಳೆ. ಎರಡು ಅಂಗಡಿ ಲೆಕ್ಕ ಬರೀತಾಳಂತೆ, ಸಂಜೆ ಭರತನಾಟ್ಯದ ಕ್ಲಾಸಂತೆ, ರಾತ್ರಿ ಕೂತು ಅನುವಾದವಂತೆ. ನೀನಾದ್ರೂ ಬುದ್ಧಿ ಹೇಳು."

"ಮಾವ, ನೀವೂ ಹಾಗೇ ಅಲ್ವಾ ಮಾಡ್ತಿರೋದು?" ಎಂದಳು ಹುಡುಗಿ.

ಇಬ್ಬರೂ ನನ್ನನ್ನೇ ಸಾಕ್ಷಿಗೆ ಕರೆದಂತಾಯಿತು. ಹೌದು, ಇಪ್ಪತ್ತೆರಡು ವರ್ಷಗಳಿಂದ ಸಾಗರದಲ್ಲಿ ನನ್ನದು ಮೂರು ಕಸುಬು. ಬೆಳಿಗ್ಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಮಧ್ಯಾಹ್ನ ಪ್ರೆಸ್ಸಿನಲ್ಲಿ ಕರಡು ತಿದ್ದುವವ, ಉಳಿದ ಹೊತ್ತು ಅರ್ಧ ಎಕರೆ ಅಡಿಕೆ ತೋಟದವ. ಬಸ್ಸಿನಲ್ಲಿ ಯಾರಾದರೂ 'ಏನು ಮಾಡ್ಕೊಂಡಿದೀರಿ?' ಎಂದು ಕೇಳಿದರೆ, ನನ್ನ ಉತ್ತರ ಮುಗಿಯುವುದರೊಳಗೆ ಅವರು ಇಳಿಯುವ ಊರು ಬಂದಿರುತ್ತದೆ.

ಹುಡುಗಿ ಶಿವರಾಮ ಕಾರಂತರ ಹೆಸರು ತೆಗೆದಳು. ಕಾದಂಬರಿ, ಯಕ್ಷಗಾನ, ಮಕ್ಕಳ ವಿಶ್ವಕೋಶ, ಪುತ್ತೂರಿನಲ್ಲಿ ಮುದ್ರಣಾಲಯ. ತಮ್ಮ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದೇ ಹೆಸರಿಟ್ಟವರು. ತೇಜಸ್ವಿಯವರೂ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡೇ ಕಥೆ ಬರೆದರು, ಹಕ್ಕಿಗಳ ಫೋಟೊ ತೆಗೆದರು. ನಾನು ಅಲ್ಲಗಳೆಯಲಿಲ್ಲ. ಒಳಗೆ ಹೋಗಿ ನನ್ನ ಲೆಕ್ಕದ ಪುಸ್ತಕ ತಂದು ಅವಳ ಮುಂದಿಟ್ಟೆ.

ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜಿನ ಕಾಲಂನಲ್ಲಿ ಸೊನ್ನೆ. ಆದರೆ ಮದುವೆ ಕಾಲ, ಪ್ರೆಸ್ಸಿಗೆ ಕೈತುಂಬ ಕೆಲಸ. ಅಡಿಕೆ ದುಡ್ಡು ಕೊಯ್ಲಾದ ಮೇಲೆ, ಚಳಿಗಾಲಕ್ಕೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ ಎನ್ನುವುದು ಅರ್ಧ ಸತ್ಯ. ಜೂನ್, ಜುಲೈ ನೋಡು ಎಂದೆ. ಮೂರೂ ಕಾಲಂ ಖಾಲಿ. ಮಕ್ಕಳ ಫೀಸು ಕಟ್ಟಬೇಕಾದದ್ದೂ ಆಗಲೇ.

"ಹಾಗಾದ್ರೆ ಆವಾಗ ಏನು ಮಾಡ್ತಿದ್ರಿ ಮಾವ?"

ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿರಲಿಲ್ಲ. 2009ರಲ್ಲಿ ಮನೆ ಕಟ್ಟಲು ಸಾಲಕ್ಕೆ ಹೋಗಿದ್ದೆ. ಮ್ಯಾನೇಜರರು ನನ್ನ ಮೂರೂ ಕಸುಬಿನ ಕಥೆ ತಾಳ್ಮೆಯಿಂದ ಕೇಳಿ, "ಸಂಬಳ ಚೀಟಿ ಇದೆಯಾ?" ಎಂದರು. ಇರಲಿಲ್ಲ. ಮರುದಿನ ನನ್ನವಳು ಹೈಸ್ಕೂಲಿಗೆ ಅರ್ಧ ದಿನ ರಜೆ ಹಾಕಿ, ತನ್ನ ಚೀಟಿ ಹಿಡಿದು ಬಂದಳು. ಸಾಲ ಸಿಕ್ಕಿದ್ದು ಅವಳ ಹೆಸರಿಗೆ. ಜೂನ್, ಜುಲೈ ದಾಟಿದ್ದೂ ಅದೇ ಸಂಬಳದ ಮೇಲೆ. ಇದನ್ನು ನಾನು ಅಕ್ಕನಿಗೂ ಹೇಳಿರಲಿಲ್ಲ.

ಇನ್ನೊಂದು ಕಥೆಯನ್ನೂ ಹೇಳಿಬಿಟ್ಟೆ. ಒಮ್ಮೆ ಉತ್ತರ ಪತ್ರಿಕೆ ತಿದ್ದಿ ದಣಿದು ಪ್ರೆಸ್ಸಿಗೆ ಹೋದವನು, ಲಗ್ನಪತ್ರಿಕೆಯಲ್ಲಿ ಭಾನುವಾರದ ಮದುವೆಯನ್ನು ಸೋಮವಾರ ಮಾಡಿಬಿಟ್ಟೆ. ಐನೂರು ಪ್ರತಿ ನನ್ನ ದುಡ್ಡಿನಲ್ಲೇ ಮತ್ತೆ ಅಚ್ಚಾದವು. ತಪ್ಪಾಗುವುದು ಒಂದು ಕೆಲಸ ಮತ್ತೊಂದಕ್ಕೆ ಒರಗುವ ಜಾಗದಲ್ಲೇ.

"ಬೆಂಗಳೂರಿನ ಕೆಲಸವೂ ಇರಲಿ, ರಾತ್ರಿ ಇದನ್ನೂ ಮಾಡ್ಲಿ" ಎಂದಳು ಅಕ್ಕ, ರಾಜಿ ಮಾಡಿಸುವವಳಂತೆ. ಅದಕ್ಕೂ ನೇಮಕಾತಿ ಪತ್ರ ಓದಬೇಕು. ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು ವಿಪ್ರೋ 300 ನೌಕರರನ್ನು ತೆಗೆದುಹಾಕಿದ್ದು 2022ರಲ್ಲಿ.

ಕೊನೆಗೆ ಹುಡುಗಿಗೆ ಹೇಳಿದ್ದಿಷ್ಟು: ಮೂರು ತಿಂಗಳು ಎಲ್ಲವನ್ನೂ ಒಟ್ಟಿಗೆ ಮಾಡಿ ನೋಡು. ಬಂದ ದುಡ್ಡಿನ ಪಕ್ಕದಲ್ಲಿ ಹೋದ ಗಂಟೆಗಳನ್ನೂ ಬರೆ. ಬಾಕಿ ಉಳಿಸಿಕೊಂಡವರ ಬಾಗಿಲಿಗೆ ಮೂರು ಸಲ ಹೋಗಿ ಕೇಳಲು ನಿನಗಾಗುತ್ತದಾ ನೋಡು. ನನಗೆ ಈಗಲೂ ಕಷ್ಟ.

ಅವಳು ಪುಸ್ತಕ ಹಿಡಿದು ಜಗಲಿಗೆ ಹೋದಳು. ಅಕ್ಕ ಎದ್ದು ಅಡುಗೆಮನೆಗೆ ನಡೆದಳು. "ನಿಜ ಹೇಳೇ, ನಿಂಗೆ ಹೇಗಿತ್ತು ಇಷ್ಟು ವರ್ಷ?" ಎಂದು ನನ್ನವಳನ್ನು ಕೇಳಿದ್ದು ಕೇಳಿಸಿತು. ಅಷ್ಟರಲ್ಲಿ ಮಿಕ್ಸಿ ಶುರುವಾಯಿತು.