ಅಡಿಕೆಯ ಅಂಗಳದಿಂದ ಬಿಡದಿಗೆ

ಶಿರಸಿ ಸೀಮೆಯ ಹೆಗಡೆಕಟ್ಟಾದಲ್ಲಿ ಅಡಿಕೆ ಸುಗ್ಗಿಯೆಂದರೆ ಅಂಗಳವೇ ಬೇರೊಂದು ಲೋಕ. ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ, ಅಟ್ಟದ ಮೇಲೆ ಹರವಿದ ಕೆಂಪಡಿಕೆ, ರಾತ್ರಿ ಮೆಟ್ಟುಗತ್ತಿಗಳ ಸುತ್ತ ಮುಗಿಯದ ಹರಟೆ. ಹಣ ಬರುವುದು ವರ್ಷಕ್ಕೊಮ್ಮೆ. ಆದ್ದರಿಂದ ಮೊದಲು ಖರ್ಚು, ಬಳಿಕ ತೀರಿಕೆ ಎಂಬುದು ಇಲ್ಲಿಯವರಿಗೆ ಹೊಸದಲ್ಲ.

ಅಂಥದೊಂದು ರಾತ್ರಿ ಮಗಳು, 2005ರಲ್ಲಿ ಬಿಡದಿಯ ಬಳಿ ತೆರೆದ ವಂಡರ್‌ಲಾ ನೋಡಲೇಬೇಕೆಂದು ಹಟ ಹಿಡಿದಳು. "ಕ್ರೆಡಿಟ್ ಕಾರ್ಡಿನ ಅಂಕಗಳಲ್ಲೇ ಹೋಗಿಬರೋಣ" ಎಂದೆ. ಅಪ್ಪಯ್ಯ ಸುಲಿಯುವುದನ್ನು ನಿಲ್ಲಿಸದೆ ಕೇಳಿದರು: "ಸಾಲಕ್ಕೆ ಬಹುಮಾನ ಎಂಥದು ತಮಾ?"

ಲೆಕ್ಕ ಹಾಕಿದೆ. ನೂರು ರೂಪಾಯಿಗೆ ಒಂದು ಅಂಕ, ಅಂಕಕ್ಕೆ ನಾಲ್ಕಾಣೆ. ವರ್ಷವಿಡೀ 2 ಲಕ್ಷ ಖರ್ಚು ಮಾಡಿ ಗಳಿಸಿದ್ದು 500 ರೂಪಾಯಿ! ಒಮ್ಮೆ ಗಡುವು ಮರೆತು ದಂಡ, ಬಡ್ಡಿ ಸೇರಿಸಿ 700 ತೆತ್ತ ಸಂಗತಿಯನ್ನು ಅಪ್ಪಯ್ಯನಿಗೆ ಹೇಳುವ ಧೈರ್ಯವಾಗಲಿಲ್ಲ. ಮಡದಿಯೇ ಹೇಳಿಬಿಟ್ಟಳು.

ಮ್ಯೂಚುವಲ್ ಫಂಡೆಂದು ನಾನು ಮತ್ತೆ ಬಾಯಿ ತೆರೆದೆ. ಹತ್ತು ವರ್ಷದ ಗುರಿಗೆ ಅದು ಸರಿಯೇ; ಒಂದೇ ವರ್ಷದ ಪ್ರವಾಸಕ್ಕೆ ಅದನ್ನು ನಂಬುವುದೆಂದರೆ ಮೋಡ ಕವಿದಾಗ ಅಡಿಕೆ ಹರವಿದಂತೆ. 2020ರ ಮಾರ್ಚಿನಲ್ಲಿ ಶೇರುಪೇಟೆ ಕುಸಿದದ್ದನ್ನು ಯಾರು ಮರೆತಾರು? ಕೊನೆಗೆ ಊರಿನ ಸಹಕಾರಿ ಸಂಘದಲ್ಲಿ ತಿಂಗಳಿಗೆ 1,000 ರೂಪಾಯಿಯ ಆವರ್ತ ಠೇವಣಿ ತೆರೆದೆವು.

ಮರುವರ್ಷ ಆ ಹಣದಲ್ಲೇ ಬಿಡದಿಗೆ ಹೋದೆವು. ಅಂಕಗಳ 500 ರೂಪಾಯಿ ಮಧ್ಯಾಹ್ನದ ಊಟಕ್ಕೂ ಸಾಲಲಿಲ್ಲ. ಮಗಳು ಕೃತಕ ಅಲೆಗಳಲ್ಲಿ ಕೇಕೆ ಹಾಕುತ್ತಿದ್ದಳು. ಅಪ್ಪಯ್ಯ ದಡದಲ್ಲಿ ಪಂಚೆ ಎತ್ತಿ ಕಟ್ಟಿ, ಪಾದ ನೆನೆಯುವಷ್ಟು ದೂರದಲ್ಲಿ ನಿಂತೇ ಇದ್ದರು.