ಬೂದು ಅಕ್ಷರದ ಸಂಕೋಚ

ನನ್ನ ಉದ್ಯೋಗ ಏನೆಂದು ಗಿರಿನಗರದ ನಮ್ಮ ಬೀದಿಗೆ ಇನ್ನೂ ಅರ್ಥವಾಗಿಲ್ಲ. 'ಪ್ರೋಗ್ರಾಂ ಬರೆಯುವವರಿಗೆ ನೆರವಾಗೋ ಎಐ ಇದೆಯಲ್ಲ ಸಾರ್, ಅದರ ಪರದೆ ಮೇಲೆ ಯಾವ ಬಟನ್ ಬೇಡ ಅಂತ ಹೇಳೋದು' ಎಂದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಕ್ಕರು: 'ಬೇಡ ಅನ್ನೋಕೂ ಸಂಬಳವೇನಪ್ಪ? ನಾನು ಮನೇಲಿ ಜೀವಮಾನವಿಡೀ ಪುಕ್ಕಟೆ ಹೇಳಿದೆ, ಯಾರೂ ಕೇಳಲಿಲ್ಲ.'

ನಾವು ಕಾಲೇಜಿನಲ್ಲಿ ಕಲಿತದ್ದು ಟರ್ಬೊ ಸಿ ಮೇಲೆ. ಬೋರ್ಲೆಂಡ್ ಕಂಪನಿ ಅದನ್ನು ತಂದದ್ದು 1987ರಲ್ಲಿ. ಜಗತ್ತು ಮರೆತ ಮೇಲೂ ನಮ್ಮ ಲ್ಯಾಬುಗಳು ಬಿಡಲಿಲ್ಲ. ನೀಲಿ ಪರದೆ. ಕಂಟ್ರೋಲ್-ಎಫ್9 ಒತ್ತಿದರೆ ಉತ್ತರ ಮಿಂಚಿ ಮಾಯ. ಆಲ್ಟ್-ಎಫ್5 ಒತ್ತಿದರಷ್ಟೇ ದರ್ಶನ. ಈ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟರೆ ಮುಂದಿನ ಸಾಲನ್ನು ಬೈಯುತ್ತಿತ್ತು. ನೆರವು ಬೇಕೆಂದರೆ ಪಕ್ಕದ ಕುರ್ಚಿಯ ಗೆಳೆಯನೇ ಗತಿ.

ಆಮೇಲೆ ಯಂತ್ರಗಳಿಗೆ ಬುದ್ಧಿ ಬಂತು, ಜೊತೆಗೆ ಅಧಿಕಪ್ರಸಂಗವೂ. ಆಫೀಸ್ 97ರಲ್ಲಿ ಕರೆಯದೆಯೇ ಬಂದು ನಡುವೆ ಬಾಯಿ ಹಾಕುತ್ತಿದ್ದ ಪೇಪರ್ ಕ್ಲಿಪ್ ಬೊಂಬೆ ಕ್ಲಿಪ್ಪಿ ಥೇಟ್ ನಮ್ಮ ಮೇಷ್ಟ್ರೇ. ಸೀತಾ ಸರ್ಕಲ್‌ವರೆಗಿನ ವಾಕಿಂಗ್‌ನಲ್ಲಿ ನಾನು ಶುರು ಮಾಡಿದ ಒಂದು ವಾಕ್ಯವನ್ನೂ ಅವರು ನನಗೆ ಮುಗಿಸಲು ಬಿಟ್ಟಿಲ್ಲ.

ಎಕ್ಸೆಲ್ 2013ರ ಫ್ಲ್ಯಾಶ್ ಫಿಲ್‌ಗೆ ಮಾತ್ರ ಮರ್ಯಾದೆ ಗೊತ್ತಿತ್ತು. ಸುಮಿತ್ ಗುಲ್ವಾನಿಯವರ ಸಂಶೋಧನೆಯಿಂದ ಬಂದದ್ದು. ಪೂರ್ತಿ ಹೆಸರುಗಳ ಪಟ್ಟಿಯ ಪಕ್ಕ ಒಂದೆರಡು ಹೆಸರು ನೀವು ಬಿಡಿಸಿ ಬರೆದರೆ, ಒಳಗೇ ಒಂದು ಪುಟ್ಟ ಪ್ರೋಗ್ರಾಂ ಹೊಸೆದು, ಉಳಿದವನ್ನು ಬೂದು ಬಣ್ಣದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಒಪ್ಪಿದರೆ ಎಂಟರ್. 2021ರಲ್ಲಿ ಬಂದ ಗಿಟ್‌ಹಬ್ ಕೋಪೈಲಟ್‌ನದೂ ಅದೇ ಸಂಕೋಚ: ಮುಂದಿನ ಸಾಲು ಬೂದು ಅಕ್ಷರದಲ್ಲಿ, ಬೇಕಿದ್ದರೆ ಟ್ಯಾಬ್, ಬೇಡವಾದರೆ ನಿಮ್ಮ ಪಾಡಿಗೆ ನೀವು ಟೈಪ್ ಮಾಡುತ್ತಿರಿ. ಬೇಡ ಎನ್ನುವುದು ಇಷ್ಟು ಸಲೀಸಾಗಿರುವುದೇ ಒಳ್ಳೆಯ ವಿನ್ಯಾಸ.

ತೊಡಕೆಂದರೆ, ಹೂಂ ಎನ್ನುವುದೂ ಅಷ್ಟೇ ಸಲೀಸು. ಓದದೆ ಟ್ಯಾಬ್ ಒತ್ತುವುದು ಬೆರಳಿಗೆ ಬೇಗ ರೂಢಿಯಾಗುತ್ತದೆ. ಈಗಿನ ಸಾಧನಗಳೋ ಒಂದೇ ಏಟಿಗೆ ಹತ್ತಾರು ಫೈಲು ತಿದ್ದುತ್ತವೆ. ಅಳಿಸಿದ ಸಾಲು ಕೆಂಪು, ಸೇರಿಸಿದ್ದು ಹಸಿರು. ಹೆಜ್ಜೆಹೆಜ್ಜೆಗೂ ಅಪ್ಪಣೆ ಕೇಳಿದರೆ ಬಳಸುವವನು ರೇಗಿ ಎಲ್ಲಕ್ಕೂ ಹೂಂ ಎನ್ನುತ್ತಾನೆ. ಕೇಳದಿದ್ದರೆ ಫೈಲೇ ಮಾಯವಾಗಬಹುದು. ಹಾಗಾಗಿ ತಿದ್ದುಪಡಿ ಹಿಂದಕ್ಕೆ ಪಡೆಯಬಹುದಾದರೆ ಕೇಳಬೇಡ, ಆಗದಿದ್ದರೆ ನಿಂತು ಕೇಳು ಎನ್ನುವುದು ನಮ್ಮ ಸೂತ್ರ. ಸರಳ ಪರದೆ ಎಂದರೆ ಬಟನ್ ಕಡಿಮೆ ಇರುವುದಷ್ಟೇ ಅಲ್ಲ, ಸರಿಯಾದ ಕಡೆ ತಡೆಯುವುದೂ ಹೌದು.

ಲ್ಯಾಬಿನ ಗೆಳೆಯನಿಗೆ ಈ ಕಲೆ ಹುಟ್ಟಿನಿಂದಲೇ ಬಂದಿತ್ತು. ಮೊದಲು ಹೊಟ್ಟೆತುಂಬ ನಗುತ್ತಿದ್ದ, ಆಮೇಲೆ ಸೆಮಿಕೋಲನ್ ತೋರಿಸುತ್ತಿದ್ದ. ಆ ನಗುವಿಗೆ ಹೆದರಿಯೇ ನಾವು ಕರೆಯುವ ಮುನ್ನ ಇನ್ನೊಮ್ಮೆ ಓದುತ್ತಿದ್ದೆವು. ನಮ್ಮ ಎಐ ನಗುವುದಿಲ್ಲ, 'ತುಂಬ ಒಳ್ಳೆಯ ಪ್ರಶ್ನೆ' ಎನ್ನುತ್ತದೆ. ಆ ಹೊಗಳಿಕೆಯೂ ಬೇಡ ಎಂದು ಮೀಟಿಂಗಿನಲ್ಲಿ ಹೇಳಿದೆ. ಬಳಕೆದಾರರಿಗೆ ಬೇಜಾರಾಗುತ್ತದಂತೆ.